ಬ್ಯಾಂಕಿನ ಜಾಹೀರಾತು ಹಾಡಾದ ಕಥೆ, ಮತ್ತು ಒಂದೇ ಮನೆಯ ಕಂಠಗಳು

1970ರಲ್ಲಿ ಕ್ಯಾಲಿಫೋರ್ನಿಯಾದ ಕ್ರಾಕರ್ ಬ್ಯಾಂಕ್ ಟಿವಿಯಲ್ಲಿ ಒಂದು ಜಾಹೀರಾತು ಬಿಟ್ಟಿತು. ಆಗತಾನೇ ಮದುವೆಯಾದ ಜೋಡಿ, ಹಿನ್ನೆಲೆಯಲ್ಲಿ ಮೆಲ್ಲನೆ ಒಂದು ಹಾಡು. ಹೊಸ ಸಂಸಾರ ಹೂಡುವವರು ನಮ್ಮಲ್ಲೇ ಖಾತೆ ತೆರೆಯಲಿ ಅನ್ನೋದು ಬ್ಯಾಂಕಿನ ಲೆಕ್ಕ. ಸಾಹಿತ್ಯ ಪಾಲ್ ವಿಲಿಯಮ್ಸ್, ರಾಗ ರೋಜರ್ ನಿಕೋಲ್ಸ್. ಅದನ್ನು ನೋಡಿದ, 'ಕಾರ್ಪೆಂಟರ್ಸ್' ಗಾಯಕ ಜೋಡಿಯ ರಿಚರ್ಡ್ ಕಾರ್ಪೆಂಟರ್ ವಿಲಿಯಮ್ಸ್ ಹತ್ತಿರ ಹೋಗಿ, ಇದರ ಪೂರ್ತಿ ಹಾಡು ಇದೆಯಾ ಅಂತ ಕೇಳಿದರು. ಇದೆ ಅಂದರು. ಹಾಗೆ ಅಣ್ಣ ರಿಚರ್ಡ್, ತಂಗಿ ಕ್ಯಾರನ್ ಸೇರಿ ಹಾಡಿದ್ದೇ 'ವೀವ್ ಓನ್ಲಿ ಜಸ್ಟ್ ಬಿಗನ್'. ಆಮೇಲೆ ಎಷ್ಟೋ ಮದುವೆ ಮನೆಗಳಲ್ಲಿ ಅದು ಮೊಳಗಿತು, ಬ್ಯಾಂಕು ಮರೆತೇಹೋಯಿತು.

ಈ ಹಾಡು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು, ಒಡಹುಟ್ಟಿದವರಲ್ವಾ, ಅದಕ್ಕೇ ದನಿ ಹೀಗೆ ಬೆರೆತಿದೆ ಅಂತ. ಇದು ಅರ್ಧ ನಿಜ.

ಗಂಟಲಿನ ಸ್ವರತಂತುಗಳು ಕಂಪಿಸಿದಾಗ ಹುಟ್ಟುವುದು ಬರೀ ಒಂದು ಝೇಂಕಾರ. ಗಂಟಲು, ಬಾಯಿ, ಮೂಗಿನ ಟೊಳ್ಳುಗಳು ಅದರ ಕೆಲವು ಭಾಗಗಳನ್ನು ಎತ್ತಿ, ಕೆಲವನ್ನು ತಗ್ಗಿಸಿದಾಗಲೇ ಅದು ನಿಮ್ಮ ದನಿ, ನನ್ನ ದನಿ ಅಂತಾಗುತ್ತದೆ. ಈ ಟೊಳ್ಳುಗಳ ಆಕಾರ ಒಂದಿಷ್ಟು ಹುಟ್ಟಿನಿಂದ ಬರುತ್ತದೆ. ಜೊತೆಗೆ ಒಂದೇ ಮನೆಯಲ್ಲಿ ಮಾತು ಕಲಿತವರು 'ಆ', 'ಈ'ಗಳನ್ನು ಹೆಚ್ಚುಕಮ್ಮಿ ಒಂದೇ ಥರ ಎಳೆಯುತ್ತಾರೆ, ಇದು ರಕ್ತದ್ದಲ್ಲ, ಅಭ್ಯಾಸದ್ದು. ಇಷ್ಟಿದ್ದೂ ಶ್ರುತಿ ತಪ್ಪಿದರೆ ಎಲ್ಲ ವ್ಯರ್ಥ. ಒಬ್ಬರು ಸೆಕೆಂಡಿಗೆ 220 ಕಂಪನದಲ್ಲಿ, ಇನ್ನೊಬ್ಬರು 222ರಲ್ಲಿ ಹಾಡಿದರೆ ಸದ್ದು ಸೆಕೆಂಡಿಗೆ 2 ಸಲ ಏರಿಳಿಯುತ್ತದೆ. ತಂಬೂರಿಯ ಎರಡು ತಂತಿ ಶ್ರುತಿ ಮಾಡುವಾಗ ಕೇಳುವ 'ವಾಂ ವಾಂ' ಇದೇ.

ಉಳಿದರ್ಧ ಸ್ಟುಡಿಯೋದ್ದು. ಆ ದೊಡ್ಡ ಹಿಮ್ಮೇಳದಲ್ಲಿ ಇರುವುದು ಇವರಿಬ್ಬರದೇ ಕಂಠ! ಒಂದು ಸ್ವರಸಾಲು ಹಾಡಿ ಟೇಪಿಗೆ ಹಾಕುವುದು, ಹೆಡ್‌ಫೋನಲ್ಲಿ ಅದನ್ನು ಕೇಳಿಸಿಕೊಳ್ಳುತ್ತಲೇ ಅದರ ಮೇಲೆ ಇನ್ನೊಂದು ಹಾಡುವುದು, ಮತ್ತೆ ಮತ್ತೆ. ಅದೇ ಗಂಟಲು ಎರಡು ಸಲ ಹಾಡಿದರೂ ಕಾಲದಲ್ಲಿ, ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ, ಕಿವಿ ಅದನ್ನು ಗುಂಪು ಅಂತ ಅಂದುಕೊಳ್ಳುತ್ತದೆ. ಕ್ಯಾರನ್‌ದು ಹೆಣ್ಣುದನಿಗಳಲ್ಲೇ ತಗ್ಗಿನದು, ಹಾಗಾಗಿ ಅಣ್ಣನ ದನಿಗೂ ಅವರ ದನಿಗೂ ಅಂತರ ಜಾಸ್ತಿ ಇರಲಿಲ್ಲ. ಇನ್ನು ಮೈಕಿನ ವಿಷಯ. ಎದುರಿನ ಸದ್ದನ್ನಷ್ಟೇ ಹಿಡಿಯುವಂಥ ಮೈಕಿಗೆ ಬಾಯಿ ಹತ್ತಿರ ತಂದಷ್ಟೂ ತಗ್ಗಿನ ಸ್ವರಗಳು ದಪ್ಪಗಾಗುತ್ತವೆ. ತಗ್ಗಿನ ದನಿಯವರು ಮೆತ್ತಗೆ ಹಾಡಿದರೂ ಪಕ್ಕದಲ್ಲೇ ಕೂತು ಹೇಳಿದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ನನ್ನ ಕೇಳಿದರೆ ಈ ಹಾಡಿನಲ್ಲಿ ರಕ್ತಸಂಬಂಧಕ್ಕಿಂತ ತಾಳ್ಮೆಯ ಪಾಲೇ ದೊಡ್ಡದು.

ಅಂದಹಾಗೆ, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇದು 2ನೇ ಸ್ಥಾನ ದಾಟಲಿಲ್ಲ. ಮೊದಲು ಅಡ್ಡ ನಿಂತದ್ದು ಜಾಕ್ಸನ್ 5, ನಿಜವಾದ ಐವರು ಅಣ್ಣತಮ್ಮಂದಿರು. ಆಮೇಲೆ ಪಾರ್ಟ್ರಿಜ್ ಫ್ಯಾಮಿಲಿ, ಟಿವಿ ಧಾರಾವಾಹಿಗಾಗಿ ಕಟ್ಟಿದ ಕುಟುಂಬ. ಅದರ ನಟರಲ್ಲಿ ರೆಕಾರ್ಡಿನಲ್ಲಿ ಹಾಡಿದ್ದು ಡೇವಿಡ್ ಕ್ಯಾಸಿಡಿ ಮತ್ತು ಅವರ ಮಲತಾಯಿ ಶರ್ಲಿ ಜೋನ್ಸ್ ಇಬ್ಬರೇ, ಮಿಕ್ಕ ದನಿಗಳೆಲ್ಲ ಸಂಬಳಕ್ಕೆ ಬಂದ ಸ್ಟುಡಿಯೋ ಗಾಯಕರವು.