ಸಣ್ಣ ದೇಶದ ಪೇಟೆಂಟ್ ಕಚೇರಿ ಮಾಹಿತಿಯನ್ನು ಹೇಗೆ ನಿಭಾಯಿಸುತ್ತದೆ: ಅಧ್ಯಯನ ಟಿಪ್ಪಣಿ

ಪೇಟೆಂಟ್ ಕಚೇರಿ ಎಂದ ಕೂಡಲೇ ಆವಿಷ್ಕಾರಗಳನ್ನು ಒರೆಗೆ ಹಚ್ಚಿ ನೋಡುವ ತಜ್ಞರ ದೊಡ್ಡ ಪಡೆ ಕಣ್ಣ ಮುಂದೆ ಬರುತ್ತದೆ. ಸಣ್ಣ ದೇಶಗಳಲ್ಲಿ ಪರೀಕ್ಷಕರು ಬೆರಳೆಣಿಕೆಯಷ್ಟು. ಔಷಧ ರಸಾಯನದ ಅರ್ಜಿಯನ್ನೂ ಮೊಬೈಲ್ ಜಾಲದ ಅರ್ಜಿಯನ್ನೂ ಒಬ್ಬರೇ ನೋಡಬೇಕಾಗಬಹುದು. ಬರುವ ಅರ್ಜಿಗಳಲ್ಲಿ ಸಾಮಾನ್ಯವಾಗಿ ಹೆಚ್ಚಿನವು ಹೊರದೇಶದವರವು. ಅದೇ ಆವಿಷ್ಕಾರಕ್ಕೆ ಬೇರೆ ಕಡೆ ಆಗಲೇ ಅರ್ಜಿ ಬಿದ್ದಿರುತ್ತದೆ. ಹೀಗಿರುವಾಗ ಇಂಥ ಕಚೇರಿ ತನ್ನ ಅಲ್ಪ ಶಕ್ತಿಯನ್ನು ಎಲ್ಲಿ ವ್ಯಯಿಸಬೇಕು? ತಾಂತ್ರಿಕ ಮಾಹಿತಿಯನ್ನು ಎರವಲು ತರಬಹುದು. ಆದರೆ ಒಂದು ಪೇಟೆಂಟ್ ಆ ದೇಶದಲ್ಲಿ ಇಂದು ಜಾರಿಯಲ್ಲಿದೆಯೇ, ಯಾರ ಹೆಸರಿನಲ್ಲಿದೆ ಎಂಬುದನ್ನು ಅಧಿಕೃತವಾಗಿ ಹೇಳಬಲ್ಲದ್ದು ಆ ಕಚೇರಿ ಮಾತ್ರ. ಉಳಿದ ವಿಷಯಗಳನ್ನೆಲ್ಲ ಈ ಎಳೆ ಹಿಡಿದೇ ಓದಿದರೆ ಗೊಂದಲ ಕಡಿಮೆ.

ಕಾನೂನಿನ ತಳಪಾಯ

1883ರ ಪ್ಯಾರಿಸ್ ಒಪ್ಪಂದದ ಎರಡು ವಿಧಿಗಳು ಇಲ್ಲಿ ಮುಖ್ಯ. 12ನೇ ವಿಧಿಯ ಪ್ರಕಾರ ಸದಸ್ಯ ದೇಶಗಳು ಕೈಗಾರಿಕಾ ಸ್ವತ್ತಿಗಾಗಿ ಪ್ರತ್ಯೇಕ ಸೇವೆಯನ್ನೂ, ಪೇಟೆಂಟುಗಳನ್ನು ಸಾರ್ವಜನಿಕರಿಗೆ ತಿಳಿಸಲು ಕೇಂದ್ರ ಕಚೇರಿಯನ್ನೂ ಸ್ಥಾಪಿಸಬೇಕು. ನಿಯತಕಾಲಿಕ ಪತ್ರಿಕೆಯನ್ನು ಹೊರತರಬೇಕು. ಅಂದರೆ ಮಾಹಿತಿ ಕೊಡುವುದು ಕಚೇರಿಯ ಔದಾರ್ಯವಲ್ಲ, ಕರ್ತವ್ಯ. ಇನ್ನೊಂದು, ಪೇಟೆಂಟುಗಳ ಸ್ವಾತಂತ್ರ್ಯವನ್ನು ಹೇಳುವ ವಿಧಿ. ಒಂದೇ ಆವಿಷ್ಕಾರಕ್ಕೆ ಹತ್ತು ದೇಶಗಳಲ್ಲಿ ಪೇಟೆಂಟ್ ಸಿಕ್ಕಿದ್ದರೂ ಅವು ಹತ್ತು ಬೇರೆ ಬೇರೆ ಹಕ್ಕುಗಳು. ಒಂದು ದೇಶದಲ್ಲಿ ರದ್ದಾದರೆ ಇನ್ನೊಂದರಲ್ಲಿ ತಾನಾಗಿ ರದ್ದಾಗುವುದಿಲ್ಲ. ಪರೀಕ್ಷೆಯಲ್ಲಿ ಈ ವಿಧಿಯನ್ನು ಎಲ್ಲರೂ ಬರೆಯುತ್ತಾರೆ, ಮಾಹಿತಿ ನಿರ್ವಹಣೆಗೆ ಅದರಿಂದ ಏನಾಗುತ್ತದೆ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ದೊಡ್ಡ ದೇಶದ ದತ್ತಸಂಚಯದಲ್ಲಿ ಕಾಣುವ ಸ್ಥಿತಿಯನ್ನು ಸಣ್ಣ ದೇಶಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ ಎಂಬುದು ಇದರಿಂದ ಹೊರಡುವ ನೇರ ತೀರ್ಮಾನ.

ದಾಖಲೆಯ ಮೊದಲ ಪುಟ

ಭಾಷೆ ಗೊತ್ತಿಲ್ಲದಿದ್ದರೂ ಪೇಟೆಂಟಿನ ಮೊದಲ ಪುಟವನ್ನು ಓದಬಹುದು. ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ (ವೈಪೋ) ಎಸ್‌ಟಿ.9 ಎಂಬ ಮಾನಕ ಪ್ರತಿಯೊಂದು ವಿವರಕ್ಕೂ ಒಂದು ಅಂಕಿಯನ್ನು ಗೊತ್ತುಮಾಡಿದೆ. 11 ದಾಖಲೆಯ ಸಂಖ್ಯೆ, 21 ಅರ್ಜಿಯ ಸಂಖ್ಯೆ, 22 ಸಲ್ಲಿಕೆಯ ದಿನ, 51 ಅಂತರರಾಷ್ಟ್ರೀಯ ವರ್ಗೀಕರಣ, 54 ಶೀರ್ಷಿಕೆ, 57 ಸಾರಾಂಶ, 71 ಅರ್ಜಿದಾರ, 72 ಆವಿಷ್ಕಾರಕ, 73 ಪೇಟೆಂಟಿನ ಒಡೆಯ. ಮೂವತ್ತರ ಸಾಲು ಆದ್ಯತೆಗೆ, ಅಂದರೆ ಅದೇ ಆವಿಷ್ಕಾರಕ್ಕೆ ಮೊದಲು ಬೇರೆಡೆ ಸಲ್ಲಿಸಿದ ಅರ್ಜಿಯ ದಿನಾಂಕವನ್ನೇ ಇಲ್ಲಿಯೂ ಲೆಕ್ಕಕ್ಕೆ ಹಿಡಿಯುವ ಹಕ್ಕಿಗೆ, ಮೀಸಲು: 31 ಮೂಲ ಅರ್ಜಿಯ ಸಂಖ್ಯೆ, 32 ಅದರ ದಿನಾಂಕ, 33 ಅದು ಸಲ್ಲಿಕೆಯಾದ ದೇಶ.

ಸಣ್ಣ ಕಚೇರಿಯ ಗುಮಾಸ್ತರು ಎಲ್ಲಕ್ಕಿಂತ ಎಚ್ಚರದಿಂದ ನಮೂದಿಸಬೇಕಾದದ್ದು ಈ ಮೂವತ್ತರ ಸಾಲನ್ನೇ. ಸ್ಥಳೀಯ ಅರ್ಜಿಯನ್ನು ಅದರ ವಿದೇಶಿ ಒಡಹುಟ್ಟಿದ ಅರ್ಜಿಗಳಿಗೆ ಕಟ್ಟುವ ಮುಖ್ಯ ದಾರ ಅದು. ಆದ್ಯತಾ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಆ ಪೇಟೆಂಟ್ ತನ್ನ ಕುಟುಂಬದಿಂದ ಕಳಚಿಕೊಂಡು ಒಂಟಿಯಾಗಿ ಉಳಿಯುತ್ತದೆ. ಬೇರೆ ಕಚೇರಿಯ ಶೋಧನಾ ವರದಿ (ಆವಿಷ್ಕಾರ ಹೊಸದೇ ಎಂದು ಹಳೆಯ ದಾಖಲೆಗಳಲ್ಲಿ ಹುಡುಕಿ ಬರೆದದ್ದು) ಸುಲಭವಾಗಿ ಸಿಗುವುದಿಲ್ಲ, ಇಂಗ್ಲಿಷ್ ಪ್ರತಿಯ ಸುಳಿವೂ ಸಿಗುವುದಿಲ್ಲ.

ದಿನಾಂಕಗಳ ತೊಡಕೂ ಇದೆ. ನೇಪಾಳದ ಪೇಟೆಂಟ್, ಡಿಸೈನ್ ಮತ್ತು ಟ್ರೇಡ್‌ಮಾರ್ಕ್ ಕಾಯ್ದೆಗೆ 2022 ಎಂಬ ವರ್ಷ ಅಂಟಿಕೊಂಡಿದೆ. ಇತ್ತೀಚಿನ ಕಾಯ್ದೆ ಎಂದುಕೊಳ್ಳಬೇಡಿ. ಅದು ವಿಕ್ರಮ ಸಂವತ್, ನಮ್ಮ ಲೆಕ್ಕದಲ್ಲಿ 1965. ಥಾಯ್ಲೆಂಡಿನ ಬೌದ್ಧ ಶಕೆ ಕ್ರಿಸ್ತಶಕಕ್ಕಿಂತ 543 ವರ್ಷ ಮುಂದಿದೆ. ದೇಶೀ ಪಂಚಾಂಗ ಬಳಸುವ ಕಚೇರಿ ಎರಡೂ ದಿನಾಂಕಗಳನ್ನು ಇಟ್ಟುಕೊಂಡು, ಹೊರಗೆ ಕಳಿಸುವಾಗ ಕ್ರಿಸ್ತಶಕವನ್ನೇ ಕಳಿಸಬೇಕು.

ಸಂಖ್ಯೆಯ ಕೊನೆಯಲ್ಲಿ ಬರುವ ಅಕ್ಷರ ದಾಖಲೆಯ ಬಗೆಯನ್ನು ಸೂಚಿಸುತ್ತದೆ. ಸಾಮಾನ್ಯವಾಗಿ ಎ ಎಂದರೆ ಪ್ರಕಟಿತ ಅರ್ಜಿ, ಬಿ ಎಂದರೆ ಮಂಜೂರಾದ ಪೇಟೆಂಟ್. ಇದನ್ನು ಕಣ್ಣುಮುಚ್ಚಿ ನಂಬಬಾರದು. ಅಮೆರಿಕದಲ್ಲಿ 2001ರ ಆರಂಭದವರೆಗೆ ಮಂಜೂರಾದ ಪೇಟೆಂಟಿಗೇ ಎ ಅಕ್ಷರವಿತ್ತು. ಆಯಾ ಕಚೇರಿ ಯಾವ ಕಾಲದಲ್ಲಿ ಯಾವ ಅಕ್ಷರವನ್ನು ಯಾವ ಅರ್ಥದಲ್ಲಿ ಬಳಸಿತು ಎಂಬ ಪಟ್ಟಿ ಕೈಯಲ್ಲಿರಬೇಕು.

ವರ್ಗೀಕರಣದ ಬಗ್ಗೆ ಸ್ವಲ್ಪವೇ ಸಾಕು. 1971ರ ಸ್ಟ್ರಾಸ್‌ಬರ್ಗ್ ಒಪ್ಪಂದದಿಂದ ಬಂದ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಎ ಇಂದ ಎಚ್ ವರೆಗೆ ಎಂಟು ವಿಭಾಗಗಳಿವೆ; ಎ61ಕೆ 31/00 ಎಂದರೆ ಸಾವಯವ ಸಕ್ರಿಯ ಘಟಕಗಳಿರುವ ಔಷಧ ಮಿಶ್ರಣಗಳು. ಸಣ್ಣ ಕಚೇರಿ ಪ್ರತಿ ಅರ್ಜಿಯನ್ನೂ ಆಳದ ಉಪಗುಂಪಿನವರೆಗೆ ತಾನೇ ವರ್ಗೀಕರಿಸಲು ಹೊರಡುವುದು ನನ್ನ ಮಟ್ಟಿಗೆ ವ್ಯರ್ಥ ಶ್ರಮ. ವಿದೇಶಿ ಕುಟುಂಬವಿದ್ದರೆ ಅಲ್ಲಿ ಕೊಟ್ಟ ಚಿಹ್ನೆಯನ್ನೇ ಪರಿಶೀಲಿಸಿ ತೆಗೆದುಕೊಳ್ಳಬಹುದು. ದೇಶದೊಳಗಿನವರೇ ಮೊದಲು ಸಲ್ಲಿಸಿದ ಅರ್ಜಿಗೆ ಆ ಆಸರೆ ಇರುವುದಿಲ್ಲವಾದ್ದರಿಂದ ಶ್ರಮವನ್ನು ಅದಕ್ಕೇ ಮೀಸಲಿಡುವುದು ಜಾಣತನ.

ಜೀವಂತವೋ, ಮುಗಿದುಹೋಯಿತೋ?

ಈಗ ಮುಖ್ಯ ವಿಷಯ. ಪೇಟೆಂಟಿನ ಗರಿಷ್ಠ ಆಯಸ್ಸು ಸಾಮಾನ್ಯವಾಗಿ ಸಲ್ಲಿಕೆಯ ದಿನದಿಂದ 20 ವರ್ಷ. ಬಹುತೇಕ ದೇಶಗಳಲ್ಲಿ ಅದನ್ನು ಉಳಿಸಿಕೊಳ್ಳಲು ಕಾಲಕಾಲಕ್ಕೆ ನವೀಕರಣ ಶುಲ್ಕ ಕಟ್ಟಬೇಕು. ಗಡುವು ಮೀರಿದರೂ ಕನಿಷ್ಠ ಆರು ತಿಂಗಳ ಹೆಚ್ಚುವರಿ ಕಾಲಾವಕಾಶವನ್ನು ಪ್ಯಾರಿಸ್ ಒಪ್ಪಂದ ಕೊಡುತ್ತದೆ. ಒಂದು ಕಲ್ಪಿತ ಉದಾಹರಣೆ ನೋಡೋಣ. 2010ರ ಮಾರ್ಚ್ 1ರಂದು ಸಲ್ಲಿಕೆಯಾದ ಅರ್ಜಿಗೆ 2013ರಲ್ಲಿ ಪೇಟೆಂಟ್ ಸಿಕ್ಕಿತು. 2016ರ ಮಾರ್ಚ್ 1ರ ಶುಲ್ಕವನ್ನು ಒಡೆಯರು ಕಟ್ಟಲಿಲ್ಲ, ಸೆಪ್ಟೆಂಬರ್ 1ರವರೆಗಿನ ಹೆಚ್ಚುವರಿ ಅವಧಿಯೂ ಕಳೆಯಿತು. ಹಕ್ಕು ಅಲ್ಲಿಗೆ ಮುಗಿಯಿತು. ಆದರೆ 2013ರ ಪತ್ರಿಕೆಯಲ್ಲಿ ಅಚ್ಚಾದ ಮಂಜೂರಾತಿ ಹಾಗೆಯೇ ಉಳಿದಿರುತ್ತದೆ. ಅದನ್ನಷ್ಟೇ ನೋಡಿದವರು 2030ರವರೆಗೆ ದಾರಿ ಮುಚ್ಚಿದೆ ಎಂದೇ ತಿಳಿಯುತ್ತಾರೆ.

ಇಂಥ ಎಡವಟ್ಟಿಗೆ ತಂತ್ರಜ್ಞಾನದ ಕೊರತೆಗಿಂತ ಕಚೇರಿಯೊಳಗಿನ ಗೋಡೆಗಳೇ ಹೆಚ್ಚಿನ ಕಾರಣವಾಗಬಲ್ಲವು. ಶುಲ್ಕದ ರಸೀದಿ ಲೆಕ್ಕಪತ್ರ ವಿಭಾಗದಲ್ಲಿ, ಪೇಟೆಂಟ್ ರಿಜಿಸ್ಟರ್ ಇನ್ನೊಂದು ಕೋಣೆಯಲ್ಲಿ, ಪತ್ರಿಕೆ ಅಚ್ಚು ಹಾಕುವವರು ಮತ್ತೊಂದು ಕಡೆ. ಹಣ ಬಂದದ್ದಕ್ಕೆ ರಸೀದಿ ಇರುತ್ತದೆ, ಬಾರದಿರುವುದಕ್ಕೆ ಯಾವ ಕಾಗದವೂ ಹುಟ್ಟುವುದಿಲ್ಲ! ಆದ್ದರಿಂದ ಗಡುವನ್ನು ತಾನೇ ಲೆಕ್ಕಹಾಕಿ ನೆನಪಿಸುವ ವ್ಯವಸ್ಥೆ ಬೇಕು. ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ ಅಭಿವೃದ್ಧಿಶೀಲ ದೇಶಗಳ ಕಚೇರಿಗಳಿಗೆ ಒದಗಿಸುವ ಐಪಾಸ್ ತಂತ್ರಾಂಶ ಅರ್ಜಿ ಸ್ವೀಕಾರದಿಂದ ನವೀಕರಣದವರೆಗಿನ ಹಂತಗಳನ್ನು ಒಂದೇ ಕಡತಕ್ಕೆ ಕಟ್ಟುತ್ತದೆ.

ರಿಜಿಸ್ಟರಿನಲ್ಲಿ ಹಳೆಯ ಸ್ಥಿತಿಯನ್ನು ಅಳಿಸಿ ಹೊಸದನ್ನು ಬರೆಯುವುದು ಕೆಟ್ಟ ಪದ್ಧತಿ. ಮಂಜೂರಾತಿ, ವರ್ಗಾವಣೆ, ಪರವಾನಗಿ, ಶುಲ್ಕ ತಪ್ಪಿದ್ದು, ಪುನಃಸ್ಥಾಪನೆ, ನ್ಯಾಯಾಲಯದ ಆದೇಶ, ಇವೆಲ್ಲ ಒಂದೊಂದು ಘಟನೆಯಾಗಿ ದಿನಾಂಕದೊಂದಿಗೆ ಸಾಲುಗಟ್ಟಬೇಕು. ಇಂದಿನ ಸ್ಥಿತಿ ಆ ಸಾಲಿನಿಂದ ಹೊರಡಬೇಕು. ಕಾನೂನು ಸ್ಥಿತಿಯ ದತ್ತಾಂಶ ವಿನಿಮಯಕ್ಕಾಗಿ ರೂಪಿಸಿದ ಎಸ್‌ಟಿ.27 ಮಾನಕವೂ ಘಟನೆ ಮತ್ತು ಸ್ಥಿತಿಗಳನ್ನು ಬೇರ್ಪಡಿಸಿಯೇ ನೋಡುತ್ತದೆ. ಮೊಕದ್ದಮೆಯಲ್ಲಿ ‘ಮೂರು ವರ್ಷಗಳ ಹಿಂದೆ ಒಡೆಯರು ಯಾರಿದ್ದರು’ ಎಂಬ ಪ್ರಶ್ನೆ ಬಂದಾಗ ಇದರ ಬೆಲೆ ತಿಳಿಯುತ್ತದೆ.

ಇದು ಒಣ ಕಡತದ ಮಾತು ಎನಿಸಿದರೆ ಔಷಧ ಖರೀದಿಯನ್ನು ನೆನೆಯಿರಿ. ಅಗ್ಗದ ಜೆನೆರಿಕ್ ಔಷಧವನ್ನು ತರಿಸಬಹುದೇ ಎಂಬುದು ಆ ದೇಶದಲ್ಲಿ ಪೇಟೆಂಟ್ ಜೀವಂತವಿದೆಯೇ ಎಂಬುದರ ಮೇಲೆ ನಿಂತಿದೆ. ಮೆಡಿಸಿನ್ಸ್ ಪೇಟೆಂಟ್ ಪೂಲ್ ಸಂಸ್ಥೆ 2016ರಲ್ಲಿ ಮೆಡ್ಸ್‌ಪಾಲ್ ಎಂಬ ದತ್ತಸಂಚಯವನ್ನು ಆರಂಭಿಸಿದ್ದು ಈ ಮಾಹಿತಿ ಒಂದೆಡೆ ಸಿಗಲಿ ಎಂದೇ.

ಎರವಲು ಮತ್ತು ಹಂಚಿಕೆ

ಶೋಧನೆಗೆ ಪೇಟೆಂಟ್‌ಸ್ಕೋಪ್ ಮತ್ತು ಎಸ್ಪಾಸ್‌ನೆಟ್ ಎಂಬ ಪೇಟೆಂಟ್ ದತ್ತಸಂಚಯಗಳು ಉಚಿತವಾಗಿ ಸಿಗುತ್ತವೆ. ಪಾಲ್ಗೊಳ್ಳುವ ಕಚೇರಿಗಳು ಶೋಧನಾ ವರದಿಗಳನ್ನು ಹಂಚಿಕೊಳ್ಳಲು ವೈಪೋ ಕೇಸ್ ಎಂಬ ವ್ಯವಸ್ಥೆ ಇದೆ. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳಿಗೆ ಆಸ್ಪೆಕ್ ಎಂಬ ತಮ್ಮದೇ ಏರ್ಪಾಡಿದೆ. ಇನ್ನೂ ಮುಂದೆ ಹೋಗಿ, ಯುರೋಪಿಯನ್ ಪೇಟೆಂಟ್ ತಮ್ಮ ನೆಲದಲ್ಲಿ ಮಾನ್ಯವಾಗುವಂತೆ ಮೊರಾಕ್ಕೊ 2015ರಿಂದ, ಕಾಂಬೋಡಿಯ 2018ರಿಂದ ಅವಕಾಶ ಕೊಟ್ಟಿವೆ. ಪರಿಶೀಲನೆಯ ಭಾರ ಇಳಿಯುತ್ತದೆ, ನಿಜ. ಆದರೆ ಮಾನ್ಯತೆ ಪಡೆದ ಪೇಟೆಂಟುಗಳ ರಿಜಿಸ್ಟರನ್ನು ಸ್ಥಳೀಯ ಕಚೇರಿಯೇ ನಡೆಸಬೇಕು.

ಕೊಡುವ ಬದಿಯಲ್ಲಿ ಹಳೆಯ ಕಾಗದವೇ ದೊಡ್ಡ ಅಡ್ಡಿ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಪದ ಹುಡುಕಲು ಬಾರದು. ಅಕ್ಷರ ಗುರುತಿಸುವ ತಂತ್ರಾಂಶ ಮಾಸಿದ ಬೆರಳಚ್ಚಿನ ಮುಂದೆ ತಡವರಿಸುತ್ತದೆ. ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಜಾರಿಯಲ್ಲಿರುವ ಪೇಟೆಂಟುಗಳ ಕ್ಲೇಮ್‌ಗಳನ್ನು (ಹಕ್ಕಿನ ವ್ಯಾಪ್ತಿಯನ್ನು ಹೇಳುವ ವಾಕ್ಯಗಳನ್ನು) ಮೊದಲು ಮಾಡಬೇಕು. ವಿವರಣೆ ಕುಟುಂಬದ ಬೇರೆ ದಾಖಲೆಯಲ್ಲಿ ಸಿಕ್ಕೀತು, ಆದರೆ ಆ ದೇಶದಲ್ಲಿ ಮಂಜೂರಾದ ಕ್ಲೇಮ್‌ಗಳ ಪಾಠ ಬೇರೆಯೇ ಇರಬಹುದು. ಜೊತೆಗೆ ಎಸ್‌ಟಿ.37 ಮಾನಕದಂತೆ ಈವರೆಗೆ ಪ್ರಕಟಿಸಿದ ದಾಖಲೆ ಸಂಖ್ಯೆಗಳ ಪೂರ್ಣ ಪಟ್ಟಿ ಸಿದ್ಧಪಡಿಸಿದರೆ, ದತ್ತಸಂಚಯದಲ್ಲಿ ಒಂದು ಸಂಖ್ಯೆ ಕಾಣದಿದ್ದಾಗ ಅದು ಪ್ರಕಟವೇ ಆಗಿರಲಿಲ್ಲವೋ ಅಥವಾ ಎಲ್ಲೋ ಕಳೆದುಹೋಯಿತೋ ಎಂಬುದು ಸ್ಪಷ್ಟವಾಗುತ್ತದೆ.

‘ಇಲ್ಲ’ ಎಂಬ ಉತ್ತರ

ಉದ್ಯಮಿಯೊಬ್ಬರು ಬಂದು ‘ಈ ಯಂತ್ರಕ್ಕೆ ಇಲ್ಲಿ ಪೇಟೆಂಟ್ ಇದೆಯೇ’ ಎಂದು ಕೇಳಿದರೆ, ಇದೆ ಎನ್ನುವುದು ಸುಲಭ, ಇಲ್ಲ ಎನ್ನುವುದು ಕಷ್ಟ. ಅರ್ಜಿಗಳು ಸಾಮಾನ್ಯವಾಗಿ ಆದ್ಯತಾ ದಿನದಿಂದ 18 ತಿಂಗಳವರೆಗೆ ಗೋಪ್ಯ. ಒಂದೇ ಅಂತರರಾಷ್ಟ್ರೀಯ ಅರ್ಜಿಯಿಂದ ಹಲವು ದೇಶಗಳಲ್ಲಿ ಪೇಟೆಂಟ್ ಕೋರಲು ಬಿಡುವ ಪೇಟೆಂಟ್ ಸಹಕಾರ ಒಪ್ಪಂದದ ದಾರಿಯಲ್ಲಿ ಬಂದವರಿಗೆ ಆಯಾ ದೇಶವನ್ನು ಪ್ರವೇಶಿಸಲು ಸಾಮಾನ್ಯವಾಗಿ 30 ತಿಂಗಳ ಅವಕಾಶವಿದೆ. 2024ರ ಜನವರಿ 10 ಆದ್ಯತಾ ದಿನವಾದರೆ ಅಂತರರಾಷ್ಟ್ರೀಯ ಪ್ರಕಟಣೆ 2025ರ ಜುಲೈ ಹೊತ್ತಿಗೆ, ದೇಶ ಪ್ರವೇಶದ ಗಡುವು 2026ರ ಜುಲೈ 10. 2026ರ ಜೂನ್‌ನಲ್ಲಿ ಸ್ಥಳೀಯ ರಿಜಿಸ್ಟರ್ ನೋಡಿದವರಿಗೆ ಏನೂ ಕಾಣದಿರಬಹುದು, ಮರುತಿಂಗಳೇ ಅರ್ಜಿ ಬಂದು ಬೀಳಬಹುದು. ಆದ್ದರಿಂದ ಕಚೇರಿ ಕೊಡುವ ಲಿಖಿತ ಉತ್ತರದಲ್ಲಿ ಯಾವ ದಿನದವರೆಗಿನ ನಮೂದುಗಳನ್ನು ನೋಡಲಾಗಿದೆ, ಯಾವ ವರ್ಗೀಕರಣ ಚಿಹ್ನೆಗಳಲ್ಲಿ ಹುಡುಕಲಾಗಿದೆ, ಆ ದೇಶವನ್ನು ಇನ್ನೂ ಪ್ರವೇಶಿಸಬಹುದಾದ ಅಂತರರಾಷ್ಟ್ರೀಯ ಅರ್ಜಿಗಳನ್ನು ಗಮನಿಸಲಾಗಿದೆಯೇ ಎಂಬ ಮೂರೂ ಇರಬೇಕು.