ಸುಲ್ತಾನನ ಸಹಿ, ನಾಲೆಯ ದಲ್ಲಾಳಿ

2025ರ ಜೂನ್‌ನಲ್ಲಿ ಒಮಾನಿನ ಸುಲ್ತಾನ ಹೈತಮ್ ಬಿನ್ ತಾರಿಕ್ ಒಂದು ಕಾಗದಕ್ಕೆ ಸಹಿ ಹಾಕಿದರು. ಅದರ ನಂಬರು 56/2025. ಅಂದರೆ ಆ ವರ್ಷದ 56ನೇ ಮರ್ಸೂಮ್, ನಮ್ಮ ಮಾತಲ್ಲಿ ರಾಜಾಜ್ಞೆ. ವರ್ಷಕ್ಕೆ 42,000 ರಿಯಾಲ್ ದಾಟಿದ ಆದಾಯಕ್ಕೆ ಶೇ. 5 ತೆರಿಗೆ, 2028ರ ಜನವರಿಯಿಂದ. ನಮ್ಮ ಲೆಕ್ಕದಲ್ಲಿ 90 ಲಕ್ಷ ರೂಪಾಯಿಗೂ ಜಾಸ್ತಿ ದುಡಿಯುವವರ ಮಾತು ಇದು. ಆದರೂ ಮಸ್ಕತ್‌ನಲ್ಲಿರುವ ನನ್ನ ಗೆಳೆಯನೊಬ್ಬ ಫೋನ್ ಮಾಡಿ, ಟ್ಯಾಕ್ಸ್ ಇಲ್ಲ ಅಂತಲೇ ಅಲ್ವಾ ಇಲ್ಲಿಗೆ ಬಂದಿದ್ದು ಎಂದು ಅರ್ಧ ಗಂಟೆ ಗೊಣಗಿದ. ಅವನ ಸಂಬಳ ಆ ಗೆರೆಯ ಕಾಲುಭಾಗವೂ ಇಲ್ಲ, ಬಿಡಿ.

ಅವನು ಕೇಳಿದ ಒಂದು ಪ್ರಶ್ನೆ ಮಾತ್ರ ಚೆನ್ನಾಗಿತ್ತು. ಒಬ್ಬರು ಸಹಿ ಹಾಕಿದರೆ ಮುಗೀತಾ?

ಮರ್ಸೂಮ್ ಓದಿದರೆ ಮುಗೀತು ಅಂತಲೇ ಅನ್ನಿಸುತ್ತದೆ. "ನಾವು, ಒಮಾನಿನ ಸುಲ್ತಾನ" ಎಂದು ಶುರುವಾಗುತ್ತದೆ. ಇಂತಿಂಥ ಹಳೆಯ ಕಾನೂನುಗಳನ್ನು ನೋಡಿದ ಮೇಲೆ, ಸಾರ್ವಜನಿಕ ಹಿತಕ್ಕಾಗಿ, ಈ ಕೆಳಗಿನಂತೆ ಆಜ್ಞೆ ಮಾಡಿದ್ದೇವೆ ಎನ್ನುತ್ತದೆ. ಆಮೇಲೆ ಕಲಂಗಳು. ಇದನ್ನು ಗೆಜೆಟ್‌ನಲ್ಲಿ ಅಚ್ಚು ಮಾಡತಕ್ಕದ್ದು ಅಂತ ಒಂದು ಕಲಂ. ಕೊನೆಗೆ ಹಿಜರಿ ತಾರೀಖು, ಇಂಗ್ಲಿಷ್ ತಾರೀಖು, ಸಹಿ. ಮಂತ್ರಿಯ ನೇಮಕವೂ ಹೀಗೇ, ಬೇರೆ ದೇಶದ ಜೊತೆಗಿನ ಒಪ್ಪಂದವೂ ಹೀಗೇ.

ಆದರೆ ಈ ತೆರಿಗೆಯ ಕರಡು 2024ರಲ್ಲೇ ಮಜ್ಲಿಸ್ ಶೂರಾದ ಮುಂದೆ ಬಂದಿತ್ತು. ಅಲ್ಲಿಂದ ಮಜ್ಲಿಸ್ ಅಲ್-ದೌಲಾಗೆ ಹೋಯಿತು. ಮೊದಲನೆಯದು ಜನ ಆರಿಸಿದ ಮನೆ, ಎರಡನೆಯದು ಸುಲ್ತಾನರು ನೇಮಿಸಿದ ಮನೆ. ಎರಡೂ ಚರ್ಚೆ ಮಾಡಬಹುದು, ತಿದ್ದುಪಡಿ ಹೇಳಬಹುದು. ಕೊನೆಯ ಮಾತು ಮಾತ್ರ ಅರಮನೆಯದೇ. ಶೂರಾಗೆ 90 ಜನ. 2023ರ ಚುನಾವಣೆಯಲ್ಲಿ ವೋಟು ಹಾಕಿದ್ದು ಮತಗಟ್ಟೆಯಲ್ಲಲ್ಲ, ಫೋನಿನ ಆ್ಯಪ್‌ನಲ್ಲಿ. ತಂತ್ರಜ್ಞಾನದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ಅನ್ನಿ. ಆದರೆ ರಾಜಕೀಯ ಪಕ್ಷಗಳಿಲ್ಲ. ಪಕ್ಷ ಇಲ್ಲದ ಕಡೆ ವೋಟು ಸುಲಭವಾಗಿ ಕುಲದ ಕಡೆ, ಪರಿಚಯದ ಕಡೆ ವಾಲುತ್ತದೆ. ಆ ಸಲ ಒಬ್ಬ ಹೆಂಗಸೂ ಗೆಲ್ಲಲಿಲ್ಲ.

ಒಂದು ದೇಶದ ಆಡಳಿತ ಅರ್ಥವಾಗಬೇಕಾದರೆ ಸಂವಿಧಾನಕ್ಕಿಂತ ಮೊದಲು ಬೊಕ್ಕಸ ನೋಡಬೇಕು ಅಂತ ನನಗನ್ನಿಸುವುದು. ಒಮಾನಿನ ಬೊಕ್ಕಸದ ಕಥೆ ಸಮುದ್ರದಿಂದ ಶುರು. ಮಸ್ಕತ್ ದೊರೆಗಳ ಮುಖ್ಯ ವರಮಾನ ಬಂದರಿನ ಸುಂಕ. ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. 19ನೇ ಶತಮಾನದಲ್ಲಂತೂ ಸುಂಕ ವಸೂಲಿಯನ್ನೇ ಕಛ್‌ನ ಭಾಟಿಯಾ ವ್ಯಾಪಾರಿಗಳಿಗೆ ಗುತ್ತಿಗೆ ಕೊಡುತ್ತಿದ್ದರು. ವ್ಯಾಪಾರಿ ಒಂದು ಗಂಟು ಕೊಟ್ಟ, ದೊರೆಯ ಖರ್ಚು ನಡೆಯಿತು. ಇಷ್ಟಿದ್ದ ಮೇಲೆ ಒಳನಾಡಿನ ಹಳ್ಳಿಗೆಲ್ಲ ಗುಮಾಸ್ತರನ್ನು ಕಳಿಸುವ ಅಗತ್ಯ ಏನಿತ್ತು?

1932ರಿಂದ ಆಳಿದ ಸಯೀದ್ ಬಿನ್ ತೈಮೂರ್ ಸಾಲ ಕಂಡರೆ ಹೆದರುತ್ತಿದ್ದ ಮನುಷ್ಯ. 1958ರ ನಂತರ ಆತ ರಾಜಧಾನಿ ಮಸ್ಕತ್‌ಗೆ ಕಾಲೇ ಇಡಲಿಲ್ಲ. ದೂರದ ಸಲಾಲಾದಲ್ಲಿ ಕೂತೇ ದೇಶ ಆಳಿದ. ಮಸ್ಕತ್‌ನ ಕೋಟೆ ಬಾಗಿಲು ರಾತ್ರಿ ಮುಚ್ಚುತ್ತಿತ್ತು, ಆಮೇಲೆ ಬೀದಿಯಲ್ಲಿ ಓಡಾಡುವವರ ಕೈಯಲ್ಲಿ ಲಾಟೀನು ಇರಲೇಬೇಕು. 1967ರಲ್ಲಿ ತೈಲ ರಫ್ತು ಶುರುವಾದರೂ ಇಡೀ ದೇಶಕ್ಕೆ 3 ಶಾಲೆ, ಸುಮಾರು 10 ಕಿಲೋಮೀಟರ್ ಡಾಂಬರು ರಸ್ತೆ. 1970ರ ಜುಲೈ 23ರಂದು ಮಗ ಕಾಬೂಸ್ ಅಪ್ಪನನ್ನೇ ಇಳಿಸಿದರು. ನಾವು ಇವತ್ತು ನೋಡುವ ಸಚಿವಾಲಯ, ಇಲಾಖೆ, ಆಸ್ಪತ್ರೆ ಹೆಚ್ಚಿನವೆಲ್ಲ ಆಮೇಲೆ ಬಂದವು. ತೈಲದ ದುಡ್ಡಿನಲ್ಲಿ.

ಇಂಥ ದೇಶಗಳಿಗೆ ರಾಜಕೀಯ ವಿಜ್ಞಾನಿಗಳು 'ಬಾಡಿಗೆ ರಾಜ್ಯ' ಎನ್ನುತ್ತಾರೆ. ಸರ್ಕಾರ ಜನರಿಂದ ತೆಗೆದುಕೊಳ್ಳುವುದಿಲ್ಲ, ನೆಲದಡಿಯ ಬಾಡಿಗೆಯನ್ನು ಹಂಚುತ್ತದೆ. ಹಂಚುವವನನ್ನು ಜನ ಲೆಕ್ಕ ಕೇಳುವುದು ಕಡಿಮೆ, ಇನ್ನೂ ಸ್ವಲ್ಪ ಕೊಡಿ ಅಂತ ಕೇಳುವುದೇ ಜಾಸ್ತಿ. ಈ ಸಿದ್ಧಾಂತಕ್ಕೆ ತೂತುಗಳಿವೆ. 2011ರಲ್ಲಿ ಸೊಹಾರ್‌ನಲ್ಲಿ ಜನ ಬೀದಿಗಿಳಿದಾಗ ಕೆಲಸ, ಸಂಬಳದ ಜೊತೆಗೆ ಭ್ರಷ್ಟ ಮಂತ್ರಿಗಳನ್ನು ಕಿತ್ತುಹಾಕಿ ಎಂದೂ ಕೇಳಿದ್ದರು. ಕಾಬೂಸ್ 50,000 ಉದ್ಯೋಗ ಘೋಷಿಸಿದರು, ಮಂತ್ರಿಗಳನ್ನು ಬದಲಾಯಿಸಿದರು, ಶೂರಾಗೆ ಅಧಿಕಾರ ಹೆಚ್ಚಿಸಿದರು. ಅಷ್ಟು ವರ್ಷ ಪ್ರಧಾನಿ, ರಕ್ಷಣೆ, ವಿದೇಶ, ಹಣಕಾಸು ಎಲ್ಲವನ್ನೂ ತಾವೇ ಇಟ್ಟುಕೊಂಡಿದ್ದವರು ಅವರು. ಹೈತಮ್ ಬಂದ ಮೇಲೆ 2020ರಲ್ಲಿ ವಿದೇಶ ಮತ್ತು ಹಣಕಾಸಿಗೆ ಬೇರೆ ಮಂತ್ರಿಗಳಾದರು.

ಹೈತಮ್ ಬಂದದ್ದೂ ಲಕೋಟೆಯೊಂದರಿಂದ. ಕಾಬೂಸ್‌ಗೆ ಮಕ್ಕಳಿರಲಿಲ್ಲ. ರಾಜಮನೆತನದವರು 3 ದಿನದೊಳಗೆ ಉತ್ತರಾಧಿಕಾರಿಯನ್ನು ಆರಿಸಬೇಕು, ಒಮ್ಮತ ಬರದಿದ್ದರೆ ಕಾಬೂಸ್ ಬರೆದಿಟ್ಟ ಹೆಸರನ್ನು ತೆರೆಯಬೇಕು ಅಂತ ಮೂಲ ಶಾಸನದಲ್ಲಿ, ಅಂದರೆ ಅಲ್ಲಿನ ಸಂವಿಧಾನದಲ್ಲಿ, ಇತ್ತು. 2020ರ ಜನವರಿ 10ರಂದು ಅವರು ತೀರಿಕೊಂಡಾಗ ಮನೆತನದವರು ಚರ್ಚೆಯ ಗೋಜಿಗೇ ಹೋಗದೆ ನೇರವಾಗಿ ಲಕೋಟೆ ತೆರೆದರು. ಮಾರನೇ ದಿನವೇ ಪ್ರಮಾಣವಚನ. 2021ರ ಹೊಸ ಮೂಲ ಶಾಸನದಲ್ಲಿ ಪಟ್ಟ ಹಿರಿಯ ಮಗನಿಗೆ, ಲಕೋಟೆಯ ಕೆಲಸ ಮುಗಿಯಿತು.

ಇನ್ನು ಕೆಳಗಿನ ಕಥೆ. ದೇಶದಲ್ಲಿ 11 ಪ್ರಾಂತ್ಯ, ಅವುಗಳಡಿ 63 ವಿಲಾಯತ್. ನಮ್ಮ 'ವಿಲಾಯ್ತಿ' ಬಂದದ್ದು ಇದೇ ಪದದಿಂದ. ವಿಲಾಯತ್‌ಗೊಬ್ಬ ವಾಲಿ. ಹೆಚ್ಚುಕಡಿಮೆ ನಮ್ಮ ತಹಸೀಲ್ದಾರ ಅಂದುಕೊಳ್ಳಿ, ಆ ಪದದ ಮೊದಲರ್ಧವೂ ಅರಬ್ಬಿಯೇ. ವಾಲಿ ಕೂತು ಜನರ ಅಹವಾಲು ಕೇಳುವ ಕೋಣೆ ಬರ್ಝಾ. ಗೋಡೆಗುಂಟ ಸಾಲಾಗಿ ಕೂರುತ್ತಾರೆ, ಖರ್ಜೂರ ಬರುತ್ತದೆ, ಕಾಫಿ ಬರುತ್ತದೆ, ಆಮೇಲೆ ವಿಷಯ. ಜೊತೆಗೆ ಕುಲದ ಶೇಖ್‌ಗಳು. ಶೇಖ್ ಅಂದರೆ ಸುಮ್ನೆ ಊರ ಹಿರಿಯ ಅಲ್ಲ, ಅವರಿಗೆ ಗೃಹ ಸಚಿವಾಲಯದ ಮನ್ನಣೆ ಇದೆ. ಎಷ್ಟೋ ಜಗಳ ಕೋರ್ಟಿಗೆ ಹೋಗುವ ಮೊದಲೇ ಇವರ ಹತ್ತಿರ ಮುಗಿಯುತ್ತದೆ.

ಅರಮನೆಯ ದುಡ್ಡನ್ನು ನಂಬದೆ ನಡೆದುಬಂದ ಒಂದು ಆಡಳಿತವೂ ಅಲ್ಲಿದೆ. ಫಲಜ್. ಬೆಟ್ಟದ ಬುಡದ ನೀರನ್ನು ಕಿಲೋಮೀಟರ್‌ಗಟ್ಟಲೆ ನಾಲೆಯಲ್ಲಿ, ಬರೀ ಇಳಿಜಾರಿನ ಬಲದಿಂದ, ಊರಿಗೆ ತರುವ ವ್ಯವಸ್ಥೆ. ಮೂರು ಸಾವಿರದಷ್ಟು ಫಲಜ್‌ಗಳು ಇನ್ನೂ ಹರಿಯುತ್ತಿವೆ. ನಿಜ್ವಾದ ಫಲಜ್ ದಾರಿಸ್ ಸೇರಿ 5 ಫಲಜ್‌ಗಳು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಊರಿಗೆ ಬಂದ ನೀರು ಮೊದಲು ಕುಡಿಯುವುದಕ್ಕೆ, ಆಮೇಲೆ ಮಸೀದಿ ಮತ್ತು ಸ್ನಾನಕ್ಕೆ, ಕೊನೆಗೆ ತೋಟಕ್ಕೆ. ತೋಟದ ಪಾಲನ್ನು ಅಳೆಯುವುದು ಲೀಟರಿನಲ್ಲಲ್ಲ, ಹೊತ್ತಿನಲ್ಲಿ. ಒಂದು ಅಥರ್ ಅಂದರೆ ಸುಮಾರು ಅರ್ಧ ಗಂಟೆ. ಗಡಿಯಾರ ಬರುವ ಮುಂಚೆ ಹಗಲಿನಲ್ಲಿ ನೆಟ್ಟ ಕಂಬದ ನೆರಳು, ರಾತ್ರಿ ನಕ್ಷತ್ರ.

ಇದನ್ನು ನಡೆಸುವವರ ಹೆಸರು ಕೇಳಿ: ಎಲ್ಲದರ ಮೇಲ್ವಿಚಾರಣೆಗೆ ವಕೀಲ, ನೀರಿನ ಸರದಿ ನೋಡಲು ಆರಿಫ್, ಹರಾಜು ಕೂಗಲು ದಲ್ಲಾಲ್. ವಕೀಲ, ದಲ್ಲಾಳಿ, ಎರಡೂ ನಮ್ಮ ಮನೆಮಾತಿನವೇ ಅಲ್ವಾ! ಫಲಜ್‌ಗೇ ಅಂತ ಕೆಲವು ಪಾಲು ಎತ್ತಿಟ್ಟಿರುತ್ತಾರೆ. ದಲ್ಲಾಲ್ ಅವನ್ನು ಹರಾಜು ಹಾಕುತ್ತಾನೆ. ಬಂದ ದುಡ್ಡಲ್ಲಿ ಹೂಳು ತೆಗೆಸುವುದು, ಬಿರುಕು ಮುಚ್ಚಿಸುವುದು. ಪಾಲುದಾರರದ್ದೇ ದುಡ್ಡು, ಹಾಗಾಗಿ ವಕೀಲ ಲೆಕ್ಕ ಒಪ್ಪಿಸಲೇಬೇಕು. ಜಗಳ ಬಗೆಹರಿಯದಿದ್ದರೆ ಶೇಖ್ ಹತ್ತಿರ ಹೋಗುತ್ತಾರೆ. ಅಲ್ಲೂ ಆಗದಿದ್ದರೆ ವಾಲಿಯ ಬರ್ಝಾಗೆ.