ಹತ್ತಡಿಯ ಕೋಣೆಗೆ ಒಂದಿಂಚಿನ ಫೋಮು ಸಾಲದು

ಕಳೆದ ವರ್ಷ ರಾಜಾಜಿನಗರದ ಮನೆಯೊಂದಕ್ಕೆ ಹೋಗಿದ್ದೆ. ಕಥೆಗಳನ್ನು ಓದಿ ಆಡಿಯೊ ಪುಸ್ತಕ ಸಿದ್ಧಪಡಿಸುವ ಆ ಗೃಹಸ್ಥರು ತಮ್ಮ ಕೋಣೆಯ ನಾಲ್ಕೂ ಗೋಡೆಗೆ ಒಂದಿಂಚಿನ ಫೋಮು ಅಂಟಿಸಿ, ಉಳಿದ ಜಾಗಕ್ಕೆ ಮೊಟ್ಟೆಯ ಟ್ರೇಗಳನ್ನು ಹೊಡೆಸಿದ್ದರು. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲಿಯೇ ಸತ್ತುಹೋಗುತ್ತಿತ್ತು. ಆದರೆ ಮುದ್ರಿಸಿದ ಧ್ವನಿಯನ್ನು ಹೆಡ್‌ಫೋನಿನಲ್ಲಿ ಕೇಳಿದರೆ, ಕೊಡದೊಳಗೆ ಬಾಯಿಟ್ಟು ಮಾತನಾಡಿದಂತೆ ಗುಂಯ್‌ಗುಡುತ್ತಿತ್ತು. ಮೈಕ್ ಬದಲಿಸಿದರೂ ಫಲ ಕಾಣದಿದ್ದಾಗ ನನ್ನನ್ನು ಕರೆದಿದ್ದರು.

ದೋಷ ಮೈಕಿನದಾಗಿರಲಿಲ್ಲ. ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿರುವಂತೆ ಆ ಕೋಣೆಯೂ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ್ದು. ಎದುರುಬದುರು ಗೋಡೆಗಳ ನಡುವಿನ ಅಂತರ ಯಾವ ತರಂಗದ ಅರ್ಧ ಉದ್ದಕ್ಕೆ ಸಮವಾಗುತ್ತದೆಯೋ ಆ ಸ್ವರವನ್ನು ಕೋಣೆ ತಾನೇ ಹಿಡಿದು ಬೆಳೆಸುತ್ತದೆ. ಗಾಳಿಯಲ್ಲಿ ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ ಹತ್ತಡಿಗೆ ಆ ಸ್ವರ ಸುಮಾರು 56 ಹರ್ಟ್ಜ್ (ಅಂದರೆ ಸೆಕೆಂಡಿಗೆ 56 ಕಂಪನ), ಅದರ ಮೇಲಿನವು 112 ಮತ್ತು 168. ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗಿರುವುದರಿಂದ ಮೂರು ದಿಕ್ಕಿನ ಅನುನಾದಗಳೂ, ಅಂದರೆ ಕೋಣೆ ಹೀಗೆ ಹಿಡಿದು ಬೆಳೆಸುವ ಸ್ವರಗಳೂ, ಅವೇ ಅಂಕೆಗಳ ಮೇಲೆ ಬಂದು ಕೂರುತ್ತವೆ. ಗಂಡಸಿನ ಮಾತಿನ ಮೂಲಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಜ್‌ನೊಳಗೆ ಓಡಾಡುವುದರಿಂದ, ಓದುವವರ ದನಿ 112ರ ಹತ್ತಿರ ಬಂದಾಗಲೆಲ್ಲ ಗೋಡೆಗಳೂ ಜೊತೆಗೆ ಹಾಡತೊಡಗುತ್ತವೆ. ಧ್ವನಿಯ ದೃಷ್ಟಿಯಿಂದ ಘನಾಕಾರದ ಕೋಣೆಗಿಂತ ಕೆಟ್ಟ ಕೋಣೆ ಇಲ್ಲ. ಮನೆಯಲ್ಲಿ ಆಯ್ಕೆಯಿದ್ದರೆ ಉದ್ದಗಲಗಳು ಬೇರೆಬೇರೆಯಾಗಿರುವ ಕೋಣೆಯನ್ನೇ ಆರಿಸಿಕೊಳ್ಳಬೇಕು.

ಇಲ್ಲಿ ಫೋಮು ಏನು ಮಾಡಿತು ಎಂಬುದನ್ನು ಗಮನಿಸಬೇಕು. ಹೀರಿಕೊಳ್ಳುವ ವಸ್ತು ಕೆಲಸ ಮಾಡುವುದು ಗಾಳಿಯ ಕಣಗಳ ಚಲನೆಯನ್ನು ತಡೆದು, ಘರ್ಷಣೆಯಿಂದ ಅದನ್ನು ಶಾಖವಾಗಿಸುವ ಮೂಲಕ. ಗೋಡೆಗೆ ತಾಗಿದಲ್ಲಿ ಆ ಚಲನೆ ಇಲ್ಲವೆನ್ನುವಷ್ಟು ಕಡಿಮೆ. ಗೋಡೆಯಿಂದ ತರಂಗದ ಕಾಲುಭಾಗ ದೂರದಲ್ಲಿ ಅತಿ ಹೆಚ್ಚು. 100 ಹರ್ಟ್ಜ್ ತರಂಗದ ಕಾಲುಭಾಗ ಸುಮಾರು 86 ಸೆಂಟಿಮೀಟರ್. ಅದರ ಮುಂದೆ ಒಂದಿಂಚಿನ ಫೋಮು ಬಣ್ಣ ಬಳಿದಷ್ಟಕ್ಕೇ ಸಮ. ಅದು ಸಕಾರ, ಶಕಾರಗಳ ಹೊಳಪನ್ನಷ್ಟೇ ನುಂಗಿ ಕೆಳಸ್ವರಗಳನ್ನು ಇದ್ದಂತೆಯೇ ಬಿಟ್ಟಿದ್ದರಿಂದ, ಗುಂಯ್‌ಗುಡುವಿಕೆ ಮೊದಲಿಗಿಂತ ಎದ್ದು ಕೇಳಿಸತೊಡಗಿತ್ತು. ಮೊಟ್ಟೆಯ ಟ್ರೇಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅವು ತೆಳು ಕಾಗದ, ಬೇಗ ಬೆಂಕಿ ಹಿಡಿಯುತ್ತವೆ, ಅಷ್ಟೆ.

ನಾನು ಮೊದಲು ಸರಿಸಿದ್ದು ಅವರ ಕುರ್ಚಿಯನ್ನು. ಅವರು ಕೋಣೆಯ ನಟ್ಟನಡುವೆ ಕುಳಿತು ಓದುತ್ತಿದ್ದರು, ಮತ್ತು 112 ಹರ್ಟ್ಜ್‌ನ ಒತ್ತಡ ತುತ್ತತುದಿಗೇರುವ ಜಾಗಗಳಲ್ಲಿ ಅದೂ ಒಂದು. ಒಂದು ಮೂಲೆಯಲ್ಲಿ ಕೂಡುವ ಎರಡೂ ಗೋಡೆಗಳಿಂದ ಕೋಣೆಯ ಮೂರನೇ ಒಂದು ಭಾಗದಷ್ಟು, ಅಂದರೆ ಮೂರೂಕಾಲು ಅಡಿಯ ಆಸುಪಾಸಿಗೆ ಬಂದರೆ ಆ ಎರಡು ದಿಕ್ಕುಗಳ ಅನುನಾದದ ಒತ್ತಡ ಅರ್ಧಕ್ಕಿಳಿಯುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಈ ಬದಲಾವಣೆಯೊಂದರಿಂದಲೇ ಅವರ ಮುಖದ ಗಂಟು ಸಡಿಲವಾಯಿತು.

ಎರಡನೆಯ ಕೆಲಸಕ್ಕೆ ಅಟ್ಟದ ಮೇಲಿದ್ದ ಹಳೆಯ ಹತ್ತಿಯ ಹಾಸಿಗೆಗಳೇ ಒದಗಿದವು. ಮೂಲೆಗಳಲ್ಲಿ ಎಲ್ಲ ಅನುನಾದಗಳೂ ಕೂಡುವುದರಿಂದ, ದಪ್ಪ ಹಾಸಿಗೆಯನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದರೆ ಅದು ತೆಳು ಫೋಮಿಗೆ ಎಟುಕದ ಕೆಲಸವನ್ನು ಮಾಡುತ್ತದೆ. ಅನುರಣನದ, ಅಂದರೆ ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಮೊರೆತದ, ಗಣಿತವನ್ನು ಕಟ್ಟಿದ ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ ಕೂಡ 1895ರಲ್ಲಿ ಹಾರ್ವರ್ಡ್‌ನ ಉಪನ್ಯಾಸ ಮಂದಿರವೊಂದರ ದೋಷ ಹುಡುಕಲು ಹೊರಟಾಗ ಪಕ್ಕದ ರಂಗಮಂದಿರದ ಆಸನದ ದಿಂಬುಗಳನ್ನೇ ಹೊತ್ತು ತಂದಿದ್ದರು. ಅವರ ಸೂತ್ರದಂತೆ ಲೆಕ್ಕ ಹಾಕಿದರೆ, ಗಾರೆಯ ಗೋಡೆ ಮತ್ತು ಟೈಲ್ಸ್ ನೆಲ ಮೇಲೆ ಬಿದ್ದ ಶಬ್ದದ ಶೇ. 3ರಷ್ಟನ್ನು ಹೀರುತ್ತವೆಂದು ಭಾವಿಸಿದಾಗ ಹತ್ತಡಿಯ ಖಾಲಿ ಕೋಣೆಯ ಅನುರಣನ ಸುಮಾರು 2.7 ಸೆಕೆಂಡ್. ಎರಡಡಿ ಅಗಲ, ನಾಲ್ಕಡಿ ಎತ್ತರದ, ಶಬ್ದ ಹೀರುವ ಆರು ಒಳ್ಳೆಯ ಹಲಗೆಗಳನ್ನು ಇಟ್ಟರೆ ಅದು 0.8ಕ್ಕಿಂತ ಕೆಳಗಿಳಿಯುತ್ತದೆ, ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಹಾಸಿಗೆಗಳೂ ಇದ್ದರೆ ಇನ್ನೂ ಕಡಿಮೆ. ಸಣ್ಣ ಕೋಣೆಯ ಕೆಳಸ್ವರಗಳಿಗೆ ಈ ಸೂತ್ರ ಹೊಂದುವುದಿಲ್ಲವಾದ್ದರಿಂದ ಅಲ್ಲಿ ಕಿವಿಯನ್ನೂ ಅಳತೆಯ ಮೈಕನ್ನೂ ನಂಬಬೇಕು.

ಹಲಗೆಗಳನ್ನು ಬಡಗಿಯಿಂದ ಮಾಡಿಸಬಹುದು. ಘನ ಮೀಟರಿಗೆ 48 ಕಿಲೋ ಸಾಂದ್ರತೆಯ, 50 ಮಿಲಿಮೀಟರ್ ದಪ್ಪದ ಎರಡು ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ನಾರಿನ ಉಣ್ಣೆ) ಪದರಗಳನ್ನು ಮರದ ಚೌಕಟ್ಟಿಗೆ ಕೂರಿಸಿ, ಬಾಯಿಟ್ಟು ಊದಿದರೆ ಉಸಿರು ಆಚೆಗೆ ದಾಟುವಂಥ ಬಟ್ಟೆ ಹೊದಿಸಬೇಕು. ರೆಕ್ಸಿನ್ ಹೊದಿಸಿದರೆ ಮೇಲುಸ್ವರಗಳು ಅದಕ್ಕೆ ಬಡಿದು ವಾಪಸಾಗುತ್ತವೆ. ಕತ್ತರಿಸುವಾಗ ಕೈಗವಸು, ಮಾಸ್ಕ್ ತಪ್ಪಬಾರದು. ಗೋಡೆಗೂ ಹಲಗೆಗೂ ನಡುವೆ ನಾಲ್ಕು ಇಂಚು ಬಿಟ್ಟರೆ ಖಾಲಿ ಜಾಗವೂ ದಪ್ಪದಂತೆ ದುಡಿಯುತ್ತದೆ, ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗೋಡೆಯ ತೇವ ಆರುವುದಕ್ಕೂ ದಾರಿಯಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಅವರು ಕೇಳಿದ್ದು, ಪಕ್ಕದ ಮನೆಯ ಮಿಕ್ಸಿಯ ಸದ್ದು ಇನ್ನೂ ಬರುತ್ತಿದೆಯಲ್ಲ ಎಂದು. ಬರಲೇಬೇಕು, ಏಕೆಂದರೆ ಒಳಗಿನ ಅನುರಣನ ತಗ್ಗಿಸುವುದು ಬೇರೆ, ಹೊರಗಿನ ಸದ್ದು ತಡೆಯುವುದು ಬೇರೆ. ಎರಡನೆಯದಕ್ಕೆ ಬೇಕಾದದ್ದು ತೂಕ ಮತ್ತು ಗಾಳಿಯಾಡದ ಬಿಗಿ. ಭಾರದ ಬಾಗಿಲು ಹಾಕಿಸಿದರೂ ಅದರ ಕೆಳಗಿನ ಬೆರಳಗಲದ ಸಂದಿ ಮುಚ್ಚದಿದ್ದರೆ ಹಣ ನೀರುಪಾಲು. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಹಾಕಿಸಿ, ಮುಂದಿನ ಸದ್ದನ್ನು ಹಿಡಿದು ಹಿಂದಿನದನ್ನು ತೀರ ಕಡಿಮೆ ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನನ್ನು ಪಕ್ಕದ ಮನೆಯ ಕಡೆಯ ಗೋಡೆಗೆ ತಿರುಗಿಸಿ, ಬಾಯಿಗೂ ಮೈಕಿಗೂ ಒಂದು ಗೇಣಿನ ಅಂತರ ಸಾಕೆಂದು ಹೇಳಿ ಬಂದೆ. ಮಿಕ್ಸಿ ನಿಲ್ಲುವ ಮಧ್ಯಾಹ್ನದ ಹೊತ್ತಿನಲ್ಲಿ, ಫ್ಯಾನು ಆರಿಸಿಕೊಂಡು ಅವರು ಈಗ ಓದುತ್ತಾರೆ.